91, 95, 100: ಮಲ್ಪೆಯ ಸ್ಪೀಡ್‌ಬೋಟಿಗೆ ಯಾವ ಪೆಟ್ರೋಲ್?

  ಇವತ್ತಿನ ಎಪಿಸೋಡು ಪೆಟ್ರೋಲ್ ಬಗ್ಗೆ. ರೇಟ್ ಬಗ್ಗೆ ಅಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತುಂಟು. ಬೋಟಿಗೆ ಹಾಕುವ ಪೆಟ್ರೋಲ್ ಬಗ್ಗೆ. ಅದರಲ್ಲೂ ಆಕ್ಟೇನ್ ಅಂತ ಒಂದು ನಂಬರ್ ಇರ್ತದಲ್ಲ, 91, 95, 100 ಅಂತ, ಅದರ ಬಗ್ಗೆ.

ಮೊದಲೇ ಹೇಳಿಬಿಡ್ತೇನೆ, ನಾನು ಬಿಕಾಂ ಓದಿದವ. ಎಂಜಿನ್ ಬಿಚ್ಚಲಿಕ್ಕೆ ನನಗೆ ಬರುವುದಿಲ್ಲ. ಆದರೆ ಲೆಕ್ಕ ಬರ್ತದೆ. ಈ ಎಪಿಸೋಡು ಶುರುವಾದದ್ದೂ ಒಂದು ಲೆಕ್ಕದ ಪುಸ್ತಕದಿಂದಲೇ.

ನನ್ನ ಅಕ್ಕನ ಗಂಡ, ಅಂದರೆ ಭಾವ, ಮಲ್ಪೆ ಬೀಚಲ್ಲಿ ಒಂದು ಸ್ಪೀಡ್‌ಬೋಟ್ ಇಟ್ಟುಕೊಂಡಿದ್ದಾರೆ. ಫೈಬರ್ ಬೋಟು, ಹಿಂದೆ 115 ಎಚ್‌ಪಿಯ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಎಂಜಿನ್ ಗೋವಾದಿಂದ ತಂದ ಸೆಕೆಂಡ್ ಹ್ಯಾಂಡ್. ಟೂರಿಸ್ಟ್‌ಗಳನ್ನು ಕೂರಿಸಿ ಒಂದು ರೌಂಡು ಹೊಡೆದು ತರುವುದು, ಅದೇ ಕಸುಬು. ಮಳೆಗಾಲದಲ್ಲಿ ಬೋಟು ದಡದಲ್ಲಿ, ಮಳೆ ಬಿಟ್ಟ ಮೇಲೆ ನೀರಲ್ಲಿ. ಸೀಸನ್ ಅಂದರೆ ಏಳು ತಿಂಗಳು ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಸಾಲದ ಕಂತು, ಹುಡುಗರ ಸಂಬಳ, ಲೈಫ್‌ಜಾಕೆಟ್, ಇನ್ಶೂರೆನ್ಸ್, ಮನೆ ಖರ್ಚು ಎಲ್ಲಾ ಹೊರಡಬೇಕು. ಅವರ ಲೆಕ್ಕ ಬರೆಯುವವ ನಾನು. ಫೀಸು ಅಂದರೆ ಭಾನುವಾರದ ಮೀನೂಟ.

ಹೋದ ಮಳೆಗಾಲದಲ್ಲಿ ಅವರ ಪುಸ್ತಕ ನೋಡ್ತಾ ಇದ್ದೆ. ಪೆಟ್ರೋಲ್ ಖರ್ಚು ನನ್ನ ಅಂದಾಜಿಗಿಂತ ಜಾಸ್ತಿ ಬರ್ತಾ ಇತ್ತು. ಕೇಳಿದೆ, "ಭಾವ, ನೀವು ಎಂತ ಪೆಟ್ರೋಲ್ ಹಾಕುವುದು?" "95ರದ್ದು ಮಾರಾಯ. ಹೈ ಪರ್ಫಾರ್ಮೆನ್ಸ್ ಎಂಜಿನ್ ಅಲ್ವಾ, ಸಾದಾ ಹಾಕಿದರೆ ಹಾಳಾಗ್ತದೆ." ಎಲ್ಲಿ ಗೊತ್ತಾಯ್ತು ಅಂದರೆ, ಒಬ್ಬ ಅಮೆರಿಕದವನ ವಿಡಿಯೊ. ಅದರಲ್ಲಿ ಅವನು, ಇಂಥ ಎಂಜಿನ್‌ಗೆ ಕಮ್ಮಿಯಲ್ಲಿ 89 ಬೇಕೇ ಬೇಕು ಅಂತ ಹೇಳಿದ್ದನಂತೆ. ಭಾವ ಯೋಚನೆ ಮಾಡಿದ್ದು ಸರಿಯಾಗಿಯೇ ಉಂಟು: ಅವನು 89 ಅಂದ, ನಾನು ಇನ್ನೂ ಸೇಫ್ ಆಗಿ 95 ಹಾಕ್ತೇನೆ.

ಲೀಟರಿಗೆ ಎಂಟು ರೂಪಾಯಿ ಹೆಚ್ಚು. ದಿನಕ್ಕೆ 40 ಲೀಟರ್. ಅಂದರೆ ದಿನಕ್ಕೆ 320 ರೂಪಾಯಿ. ತಿಂಗಳಿಗೆ 26 ದಿನ ಅಂದರೆ 8,320. ಏಳು ತಿಂಗಳಿಗೆ 58,240 ರೂಪಾಯಿ. ಇದು ಪೆಟ್ರೋಲಿನ ಬೆಲೆ ಅಲ್ಲ ಮಾರ್ರೆ, ಪೆಟ್ರೋಲಿನ ಮೇಲೆ ಹೆಚ್ಚುವರಿಯಾಗಿ ಕೊಟ್ಟದ್ದು. ಈ 58 ಸಾವಿರಕ್ಕೆ ನಮಗೆ ಸಿಕ್ಕಿದ್ದೇನು? ಅದನ್ನೇ ಹುಡುಕಲಿಕ್ಕೆ ಹೊರಟೆ. ಹುಡುಕುವುದರೊಳಗೆ ಸಮುದ್ರವೇ ಒಂದು ಉತ್ತರ ಕೊಟ್ಟಿತು, ಅದನ್ನು ಆಮೇಲೆ ಹೇಳ್ತೇನೆ.

ಮೊದಲು ಈ ಆಕ್ಟೇನ್ ಅಂದರೆ ಎಂತ ಅಂತ ನೋಡುವ. ಘಾಟಿಯಲ್ಲಿ ಬೈಕ್ ಓಡಿಸಿದವರಿಗೆ ಇದು ಕಿವಿಯಲ್ಲೇ ಗೊತ್ತುಂಟು. ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಹಿಂದೆ ಒಬ್ಬನನ್ನು ಕೂರಿಸಿಕೊಂಡು, ಗೇರ್ ಇಳಿಸದೆ, ಸೋಮಾರಿತನದಲ್ಲಿ ಆಕ್ಸಿಲರೇಟರ್ ತಿರುಗಿಸಿ ನೋಡಿ. ಎಂಜಿನ್ ಒಳಗಿಂದ ಕಟಕಟ ಅಂತ ಒಂದು ಸದ್ದು ಬರ್ತದೆ, ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ. ಅದಕ್ಕೆ ನಾಕಿಂಗ್ ಅಂತಾರೆ. ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾಕಿದ ಮೇಲೆ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಹರಡಬೇಕು. ಶಾಖ, ಒತ್ತಡ ಮಿತಿ ಮೀರಿದರೆ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ತಾನಾಗಿಯೇ ಸಿಡಿಯುತ್ತದೆ. ಆ ಸಿಡಿತ ಪಿಸ್ಟನ್ ಮೇಲೆ ಸುತ್ತಿಗೆ ಹೊಡೆದ ಹಾಗೆ. ಹೀಗೆ ತಾನಾಗಿ ಸಿಡಿಯದೆ ಕಿಡಿಗಾಗಿ ಕಾಯುವ ತಾಳ್ಮೆ ಪೆಟ್ರೋಲಿಗೆ ಎಷ್ಟು ಉಂಟು ಅಂತ ಹೇಳುವ ನಂಬರೇ ಆಕ್ಟೇನ್.

1920ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ ಈ ಅಳತೆಯ ಕ್ರಮ ತಂದರು. ಐಸೋಆಕ್ಟೇನ್ ಅನ್ನುವ ದ್ರವ ಬಹಳ ತಾಳ್ಮೆಯದ್ದು, ಅದಕ್ಕೆ 100. ನಾರ್ಮಲ್ ಹೆಪ್ಟೇನ್ ಅನ್ನುವುದು ತಟ್ಟನೆ ಸಿಡಿಯುವಂಥದ್ದು, ಅದಕ್ಕೆ ಸೊನ್ನೆ. 91 ಅಂದರೆ, 91 ಭಾಗ ಐಸೋಆಕ್ಟೇನ್ 9 ಭಾಗ ಹೆಪ್ಟೇನ್ ಬೆರೆಸಿದರೆ ಎಷ್ಟು ತಾಳ್ತದೋ ಅಷ್ಟು ತಾಳುವ ಪೆಟ್ರೋಲ್. ಇಷ್ಟೇ. ಇದರಲ್ಲಿ ಶಕ್ತಿಯ ಮಾತು ಎಲ್ಲಿಯೂ ಇಲ್ಲ. 95 ಅಂದರೆ 91ಕ್ಕಿಂತ ಜಾಸ್ತಿ ಪವರ್ ಅಂತ ಅಲ್ಲ. ಹೆಸರಲ್ಲಿ ಪವರ್, ಸ್ಪೀಡ್ ಅಂತ ಇದ್ದರೆ ನಾವು ಹಾಗೆ ಅಂದುಕೊಳ್ತೇವೆ. ಮಾರುವವರ ಬುದ್ಧಿ ಅದು, ನಾನು ಮಾರ್ಕೆಟಿಂಗ್ ಪೇಪರಲ್ಲಿ ಓದಿದ್ದೇನೆ.

ಇದಕ್ಕೆ ಒಂದು ಪುರಾವೆ ಕೊಡ್ತೇನೆ. ಎಥೆನಾಲ್. ಕಬ್ಬು, ಜೋಳ, ಅಕ್ಕಿಯಿಂದ ಮಾಡಿ ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್. ನಮ್ಮ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಕೊಟ್ಟ ವಿವರಣೆಯಲ್ಲಿ ಎಥೆನಾಲ್ ಆಕ್ಟೇನ್ ಸುಮಾರು 108.5, ಪೆಟ್ರೋಲ್‌ನದ್ದು 84.4 ಅಂತ ಉಂಟು. ಆದರೆ ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ನ ಮೂರನೇ ಎರಡು ಭಾಗದಷ್ಟು ಮಾತ್ರ. ಆಕ್ಟೇನ್ ಜಾಸ್ತಿ, ಶಕ್ತಿ ಕಮ್ಮಿ. ಎರಡೂ ಬೇರೆ ಬೇರೆ ಅಂತ ಹೇಳಲಿಕ್ಕೆ ಇದಕ್ಕಿಂತ ಇನ್ನೇನು ಬೇಕು?

ಈಗ ಆ ಅಮೆರಿಕದವನ 89ಕ್ಕೆ ಬರುವ. ಇಲ್ಲಿಯೇ ಭಾವನ 58 ಸಾವಿರ ಹೋದದ್ದು. ಆಕ್ಟೇನ್ ಅಳೆಯಲಿಕ್ಕೆ ಎರಡು ಪರೀಕ್ಷೆ ಉಂಟು. ಒಂದು ರಿಸರ್ಚ್ ಪರೀಕ್ಷೆ, ಎಂಜಿನ್‌ಗೆ ಸ್ವಲ್ಪ ಸುಲಭದ್ದು. ಇನ್ನೊಂದು ಮೋಟಾರ್ ಪರೀಕ್ಷೆ, ಬಿಸಿ ಜಾಸ್ತಿ, ಸ್ಪೀಡ್ ಜಾಸ್ತಿ, ಸ್ವಲ್ಪ ಕಷ್ಟದ್ದು. ಭಾರತದಲ್ಲಿ, ಯುರೋಪಿನಲ್ಲಿ ನಾವು ಹೇಳುವುದು ರಿಸರ್ಚ್ ನಂಬರು, ಅಂದರೆ ಆರ್‌ಒಎನ್. ಅಮೆರಿಕದಲ್ಲಿ ಬಂಕಿನ ಮೇಲೆ ಬರೆಯುವುದು ಎರಡರ ಸರಾಸರಿ. ಹಾಗಾಗಿ ಅದೇ ಪೆಟ್ರೋಲ್ ಅಲ್ಲಿ ನಾಲ್ಕೈದು ಅಂಕ ಕಮ್ಮಿ ಕಾಣ್ತದೆ. ಅಲ್ಲಿಯ 87 ಅಂದರೆ ಇಲ್ಲಿಯ 91 ಆಸುಪಾಸು. ಅಲ್ಲಿಯ 91 ಅಂದರೆ ಇಲ್ಲಿಯ 95 ಆಸುಪಾಸು. ಎಸೆಸೆಲ್ಸಿಯಲ್ಲಿ ಒಂದು ಬೋರ್ಡಿನ ಪರ್ಸೆಂಟೇಜ್‌ನ್ನು ಇನ್ನೊಂದು ಬೋರ್ಡಿನ ಜೊತೆ ಹೋಲಿಸಿದ ಹಾಗೆ ಇದು. ನಂಬರು ಒಂದೇ ಥರ, ಪೇಪರು ಬೇರೆ.

ನಾನು ಭಾವನ ಎಂಜಿನ್ ಪುಸ್ತಕ ಹುಡುಕಿ ತೆಗೆದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಗೆಯೇ ಇತ್ತು, ಯಾರೂ ಓದಿರಲಿಲ್ಲ. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಕನಿಷ್ಠ 87 ಪಂಪ್ ಆಕ್ಟೇನ್, ಅಂದರೆ 91 ಆರ್‌ಒಎನ್. ವಿಡಿಯೊದವನು ತನ್ನ ಎಂಜಿನ್ ಬಗ್ಗೆ ಹೇಳಿದ್ದು ಅವನಿಗೆ ಸರಿ ಇರಬಹುದು, ಆ ಮಾಡೆಲ್ಲೇ ಬೇರೆ. ನಮ್ಮದಕ್ಕೆ ಸಾದಾ ಪೆಟ್ರೋಲ್ ಧಾರಾಳ ಸಾಕಿತ್ತು.

ಇನ್ನೊಂದು ವಿಷಯ ಉಂಟು. ನಮ್ಮಲ್ಲಿ ಬಿಎಸ್ 6 ಬಂದಾಗ ಸಾದಾ ಪೆಟ್ರೋಲ್ 91 ಆರ್‌ಒಎನ್. ಆಮೇಲೆ ಇ20, ಅಂದರೆ 20 ಶೇಕಡಾ ಎಥೆನಾಲ್ ಬೆರೆಸಿದ ಪೆಟ್ರೋಲ್, 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆ ಆಯ್ತು. 2030ಕ್ಕೆ ಅಂತ ಇದ್ದ ಗುರಿಯನ್ನು 2025ಕ್ಕೆ ಎಳೆದು ತಂದರು. ಇ20 ಬಂದ ಮೇಲೆ ಸಾದಾ ಪೆಟ್ರೋಲಿನ ಆಕ್ಟೇನೇ 95 ಅಂತ ಸರ್ಕಾರ ಹೇಳ್ತದೆ. ಈಗ ನೀವೇ ಲೆಕ್ಕ ಹಾಕಿ. 95 ಅಂತ ಹೆಸರಿರುವ ಪೆಟ್ರೋಲಿಗೆ ಎಂಟು ರೂಪಾಯಿ ಜಾಸ್ತಿ ಕೊಟ್ಟು ಭಾವ ತಂದದ್ದು, ಆಕ್ಟೇನ್ ಲೆಕ್ಕದಲ್ಲಿ, ಪಕ್ಕದ ಪೈಪಿನಲ್ಲಿ ಬರುವುದಕ್ಕೆ ಸಮ. ಎಂಟು ರೂಪಾಯಿಗೆ ಬೇರೆ ಎಂತ ಸಿಗ್ತದೆ ಅಂದರೆ ಎಂಜಿನ್ ಒಳಗಿನ ಮಸಿ ತೊಳೆಯುವ ಒಂದಿಷ್ಟು ಔಷಧ. ಅದು ಸುಳ್ಳಲ್ಲ, ಅದಕ್ಕೆ ಅದರ ಪ್ರಯೋಜನ ಉಂಟು. ಆದರೆ ಭಾವ ದುಡ್ಡು ಕೊಟ್ಟದ್ದು ಅದಕ್ಕಲ್ಲ.

ಹಾಗಾದರೆ ಬೋಟಿಗೆ ಆಕ್ಟೇನ್ ಮುಖ್ಯವೇ ಅಲ್ವಾ? ಅಲ್ಲ, ಹಾಗೂ ಅಲ್ಲ. ಕಾರಿಗಿಂತ ಬೋಟಿಗೆ ಇದು ಜಾಸ್ತಿ ಮುಖ್ಯ. ನಮಗೆ ಎಂಜಿನ್ ರಿಪೇರಿ ಮಾಡುವ ಅಣ್ಣ ಒಬ್ಬರು ಇದ್ದಾರೆ, ಹೆಸರು ಹಾಕಬೇಡ ಅಂತ ಹೇಳಿದ್ದಾರೆ. ಅವರು ತುಳುವಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳ್ತೇನೆ: "ಕಾರಿಗೆ ಇಳಿಜಾರು ಉಂಟು, ಸಿಗ್ನಲ್ ಉಂಟು. ಬೋಟಿಗೆ ಯಾವಾಗಲೂ ಘಾಟಿ." ನೋಡಿ, ಎಷ್ಟು ಸರಿ. ಹೈವೇಯಲ್ಲಿ ಎಂಬತ್ತರಲ್ಲಿ ಹೋಗುವ ಕಾರು ತನ್ನ ಎಂಜಿನ್‌ನ ಶಕ್ತಿಯಲ್ಲಿ ಸ್ವಲ್ಪ ಭಾಗ ಮಾತ್ರ ಬಳಸುತ್ತದೆ. ಸ್ಪೀಡ್‌ಬೋಟು ನೀರಿನ ಮೇಲೆ ಎದ್ದು ಓಡುವಾಗ ಎಂಜಿನ್ ಜಾಸ್ತಿ ಭಾರ ಎಳೆಯುತ್ತಾ ಇರಬೇಕು, ನಿಮಿಷಗಟ್ಟಲೆ. ನೀರು ಎಲ್ಲಿಯೂ ಇಳಿಜಾರಾಗುವುದಿಲ್ಲ. ಮತ್ತೆ ಘಾಟಿಯಲ್ಲಿ ಕೇಳುವ ಆ ಕಟಕಟ ಸದ್ದು ಬೋಟಿನಲ್ಲಿ ಕೇಳುವುದೇ ಇಲ್ಲ. ಗಾಳಿ, ಅಲೆ, ಟೂರಿಸ್ಟ್‌ಗಳ ಕೂಗು, ಇದರ ಮಧ್ಯೆ ಎಂಜಿನ್ ಒಳಗೆ ಸುತ್ತಿಗೆ ಬೀಳ್ತಾ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ಅಣ್ಣ ತನ್ನ ಶೆಡ್ಡಿನ ಶೆಲ್ಫಿನಿಂದ ಒಂದು ಪಿಸ್ಟನ್ ತೆಗೆದು ಕೈಗೆ ಕೊಟ್ಟರು. ಜೆಟ್‌ಸ್ಕೀಯದ್ದು. ಅಂಚು ಇಲಿ ಕಡಿದ ಹಾಗೆ ತಿಂದುಹೋಗಿತ್ತು, ನಡುವಲ್ಲಿ ಕಿರುಬೆರಳು ಹೋಗುವಷ್ಟು ತೂತು. ಅದಕ್ಕೆ ಸೂಪರ್‌ಚಾರ್ಜರ್ ಇತ್ತು, ಅಂದರೆ ಎಂಜಿನ್ ಒಳಗೆ ಗಾಳಿಯನ್ನು ಒತ್ತಿ ತುಂಬುವ ಪಂಪು. ಅಂಥ ಎಂಜಿನ್‌ಗೆ ಪುಸ್ತಕದಲ್ಲೇ 95 ಆರ್‌ಒಎನ್ ಹಾಕಿ ಅಂತ ಬರೆದಿರ್ತದೆ, ಅದು ಅಲಂಕಾರಕ್ಕೆ ಬರೆದದ್ದಲ್ಲ. ಓನರ್ 95ರದ್ದೇ ತಂದಿದ್ದರಂತೆ. ಆದರೆ ಯಾವಾಗ? ನಾಲ್ಕು ತಿಂಗಳ ಹಿಂದೆ. ಯಾವ ಕ್ಯಾನಲ್ಲಿ? ಸೀಮೆಎಣ್ಣೆಯ ಕ್ಯಾನಲ್ಲಿ.

ಈ ಸೀಮೆಎಣ್ಣೆ ವಿಷಯ ಬೇರೆ ಊರಿನವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ ಬಹಳಷ್ಟು ಓಡುವುದು ಸೀಮೆಎಣ್ಣೆಯಲ್ಲಿ. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡುವುದು, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು, ದಡಕ್ಕೆ ಬರುವ ಮೊದಲು ಮತ್ತೆ ಪೆಟ್ರೋಲಿಗೆ ತರುವುದು, ಮರುದಿನ ಸ್ಟಾರ್ಟ್ ಆಗಬೇಕಲ್ಲ. ಸೀಮೆಎಣ್ಣೆಯ ಆಕ್ಟೇನ್ ಬಹಳ ಕೆಳಗೆ. ಅದನ್ನು ತಾಳುವ ಹಾಗೆ ಆ ಎಂಜಿನ್‌ಗಳ ಕಂಪ್ರೆಷನ್ನೇ ಕಮ್ಮಿ ಇಟ್ಟಿರ್ತಾರೆ. ಅದಕ್ಕೆ 95 ಹಾಕಿದರೆ ದೇವರಿಗೆ ಹರಕೆ ಹಾಕಿದ ಹಾಗೆ, ಎಂಜಿನ್‌ಗೆ ಗೊತ್ತೂ ಆಗುವುದಿಲ್ಲ. ಆದರೆ ತಿರುಗಿಸಿ ನೋಡಿ. ಅದೇ ಕ್ಯಾನಿನ ತಳದಲ್ಲಿ ಉಳಿದ ಒಂದು ಲೀಟರ್ ಸೀಮೆಎಣ್ಣೆಯ ಮೇಲೆ 20 ಲೀಟರ್ ಪೆಟ್ರೋಲ್ ಹಾಕಿ ಜೆಟ್‌ಸ್ಕೀಗೆ ಕೊಟ್ಟರೆ, ಅದು 95 ಆಗಿ ಉಳಿಯುವುದಿಲ್ಲ. ಮಲ್ಪೆಯಲ್ಲಿ ಎರಡೂ ಕ್ಯಾನು ಒಂದೇ ಶೆಡ್ಡಲ್ಲಿ, ಒಂದೇ ಬಣ್ಣದ್ದು, ಒಂದರ ಪಕ್ಕ ಒಂದು ಇರ್ತದೆ. ಬೇರೆಯವರ ಮಾತು ಯಾಕೆ, ನಮ್ಮ ಶೆಡ್ಡಲ್ಲೂ ಹಾಗೆಯೇ ಇತ್ತು.

ಟ್ರಾಲ್‌ಬೋಟಿನವರು ಈಗ ನಗ್ತಾ ಇರಬಹುದು. ಅವರದ್ದು ಡೀಸೆಲ್, ಅದರಲ್ಲಿ ಕಿಡಿಯೇ ಇಲ್ಲ, ತಾನಾಗಿ ಬೇಗ ಹೊತ್ತಿಕೊಳ್ಳುವುದೇ ಅಲ್ಲಿ ಗುಣ. ಆ ನಂಬರಿಗೆ ಸೀಟೇನ್ ಅಂತ ಹೆಸರು. ಅದು ಇನ್ನೊಂದು ದಿನಕ್ಕೆ.

ಸರಿ, ಸಮುದ್ರ ಕೊಟ್ಟ ಉತ್ತರ. ಮಳೆ ಬಿಟ್ಟು ಬೀಚು ತೆರೆದ ಮೊದಲ ವಾರ. ಭಾನುವಾರ, ಜನವೋ ಜನ. ನಾನೂ ಹೋಗಿದ್ದೆ. ಮೈಕ್ ಹಿಡ್ಕೊಂಡು ಅಲೆಯ ಸದ್ದು ರೆಕಾರ್ಡ್ ಮಾಡುವ ಅಂತ ಬೋಟಲ್ಲಿ ಕೂತೆ. ಆರು ಜನ ಟೂರಿಸ್ಟ್‌ಗಳು, ಅದರಲ್ಲಿ ಒಂದು ಸಣ್ಣ ಹುಡುಗಿ, ಏಳೆಂಟು ವರ್ಷ ಇರಬಹುದು. ಸೇಂಟ್ ಮೇರೀಸ್ ದ್ವೀಪ ಹತ್ತಿರದಿಂದ ತೋರಿಸಿ ಅಂತ ಅವಳ ಅಪ್ಪ ಕೇಳಿದರು. ಆ ದ್ವೀಪ ನೋಡಿದವರಿಗೆ ಗೊತ್ತುಂಟು, ಕಪ್ಪು ಕಲ್ಲಿನ ಕಂಬಗಳು ನೀರಿನಿಂದ ನೆಟ್ಟಗೆ ಎದ್ದು ನಿಂತಿರ್ತವೆ. ಫೋಟೋಗೆ ಭಾರೀ ಚಂದ. ಎಂಜಿನ್ ಇಲ್ಲದ ಬೋಟಿಗೆ ಅಷ್ಟು ಚಂದ ಅಲ್ಲ.

ಕಲ್ಲುಗಳಿಂದ ಇನ್ನೂ ದೂರ ಇರುವಾಗ ಎಂಜಿನ್ ಒಮ್ಮೆ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ ನಿಂತುಬಿಟ್ಟಿತು. ಭಾವ ಕೀ ತಿರುಗಿಸಿದರು. ಸ್ಟಾರ್ಟರ್ ತಿರುಗ್ತದೆ, ಎಂಜಿನ್ ಹಿಡಿಯುವುದಿಲ್ಲ. ಎಂಜಿನ್ ಸದ್ದು ನಿಂತ ಮೇಲೆ ಸಮುದ್ರದ ಸದ್ದು ಎಷ್ಟು ದೊಡ್ಡದು ಅಂತ ಗೊತ್ತಾಗ್ತದೆ. ನನ್ನ ರೆಕಾರ್ಡಿಂಗಲ್ಲಿ ಅದು ಉಂಟು, ಹನ್ನೊಂದು ನಿಮಿಷ. ಗಾಳಿ ಪಡುವಣದಿಂದ. ನಮ್ಮನ್ನು ಎಲ್ಲಿಗೆ ತಳ್ಳುತ್ತಾ ಇತ್ತು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಭಾವ ಆಂಕರ್ ಹಾಕಿದರು, ಅದು ಸ್ವಲ್ಪ ಎಳೆದು ಆಮೇಲೆ ಹಿಡಿಯಿತು. ಆ ಹುಡುಗಿ ಮಾತ್ರ ಆರಾಮಾಗಿ "ಅಂಕಲ್, ಪೆಟ್ರೋಲ್ ಖಾಲಿಯಾ?" ಅಂತ ಕೇಳಿದಳು. ಟ್ಯಾಂಕ್ ಅರ್ಧಕ್ಕಿಂತ ಮೇಲೆ ಇತ್ತು. ಕಡೆಗೆ ಒಂದು ನಾಡದೋಣಿಯವರು ಬಂದು ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಸೀಮೆಎಣ್ಣೆ ಎಂಜಿನ್. ದುಡ್ಡು ಕೊಡಲಿಕ್ಕೆ ಹೋದರೆ ತೆಗೆದುಕೊಳ್ಳಲಿಲ್ಲ. ಭಾವ ಟೂರಿಸ್ಟ್‌ಗಳ ದುಡ್ಡು ವಾಪಸ್ ಕೊಟ್ಟರು.

ಅಣ್ಣ ಬಂದು ಮೊದಲು ಮಾಡಿದ್ದು ಎಂಜಿನ್ ಮುಚ್ಚಳ ತೆಗೆಯುವುದಲ್ಲ. ಟ್ಯಾಂಕಿನ ತಳದಿಂದ ಪೈಪು ಹಾಕಿ ಒಂದು ಗಾಜಿನ ಬಾಟಲಿಗೆ ಪೆಟ್ರೋಲ್ ಎಳೆದು ಬಿಸಿಲಿಗೆ ಹಿಡಿದರು. ಬಾಟಲಿ ಒಳಗೆ ಅಡ್ಡಕ್ಕೆ ಒಂದು ಗೆರೆ. ಮೇಲೆ ಒಂದು ದ್ರವ, ಕೆಳಗೆ ಇನ್ನೊಂದು. ಅಲ್ಲಾಡಿಸಿದರು, ಮಸುಕಾಯ್ತು. ಬಿಟ್ಟರು, ಮತ್ತೆ ಗೆರೆ ಬಂತು. "ನಿನ್ನ 95 ಇಲ್ಲಿ ಉಂಟು ನೋಡು," ಅಂತ ಭಾವನಿಗೆ ಕೆಳಗಿನ ಪದರ ತೋರಿಸಿದರು.

ಆದದ್ದು ಇಷ್ಟು. ಎಥೆನಾಲ್‌ಗೆ ನೀರು ಅಂದರೆ ಪ್ರೀತಿ. ಗಾಳಿಯ ತೇವವನ್ನೂ ಎಳೆದುಕೊಳ್ತದೆ, ಒಳಗೆ ಬಂದ ನೀರನ್ನೂ ತನ್ನಲ್ಲಿ ಕರಗಿಸಿಕೊಳ್ತದೆ. ಒಂದು ಮಿತಿಯವರೆಗೆ ಇದು ಒಳ್ಳೆಯದೇ, ಸ್ವಲ್ಪ ನೀರು ಪೆಟ್ರೋಲ್ ಜೊತೆಗೇ ಉರಿದು ಹೋಗ್ತದೆ. ಮಿತಿ ದಾಟಿತೋ, ಎಥೆನಾಲ್ ಪೆಟ್ರೋಲಿನ ಕೈಬಿಟ್ಟು ನೀರಿನ ಜೊತೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಂಜಿನ್‌ಗೆ ಹೋಗುವ ಪೈಪು ಇರುವುದು ಅಲ್ಲೇ, ತಳದಲ್ಲಿ. ಅದು ಎಳೆದದ್ದು ಸ್ಪಿರಿಟ್ ಬೆರೆತ ನೀರನ್ನು.

ಮೇಲೆ ಉಳಿದ ಪೆಟ್ರೋಲಿನ ಕಥೆ ಎಂತ? ಸಚಿವಾಲಯ ಹೇಳಿದ ಆ ಎರಡು ನಂಬರ್ ನೆನಪುಂಟಲ್ಲ, 108.5 ಮತ್ತು 84.4. ಪೆಟ್ರೋಲನ್ನು 95ಕ್ಕೆ ಎತ್ತಿ ಹಿಡಿದದ್ದೇ ಆ ಎಥೆನಾಲ್. ಅದು ಕೆಳಗೆ ಹೋದ ಮೇಲೆ ಮೇಲಿನದ್ದು 95 ಆಗಿ ಹೇಗೆ ಉಳಿಯುತ್ತದೆ? ಭಾವ ಮೇ ತಿಂಗಳಲ್ಲಿ ಟ್ಯಾಂಕಿಗೆ ಹಾಕಿದ್ದು 95. ಮಳೆ ಮುಗಿಯುವಾಗ ಅದೇ ಟ್ಯಾಂಕಲ್ಲಿ ಎರಡು ದ್ರವ ಇತ್ತು, ಎರಡೂ 95 ಅಲ್ಲ. ಬಂಕಲ್ಲಿ ನಾವು ಆಕ್ಟೇನ್ ಆರಿಸಿದ್ದೇವೆ ಅಂತ ಅಂದುಕೊಳ್ತೇವೆ. ಎಂಜಿನ್‌ಗೆ ಸಿಗುವ ಆಕ್ಟೇನನ್ನು ನಿರ್ಧಾರ ಮಾಡಿದ್ದು ನಾಲ್ಕು ತಿಂಗಳ ಮಳೆ.

ಎಲ್ಲಾ ತಪ್ಪನ್ನೂ ಎಥೆನಾಲ್ ಮೇಲೆ ಹಾಕಲಿಕ್ಕೆ ನನಗೆ ಮನಸ್ಸಿಲ್ಲ. ಬರೀ ಗಾಳಿಯ ತೇವದಿಂದ ಇಷ್ಟು ನೀರು ಬರುವುದು ಕಷ್ಟ. ಅಣ್ಣ ನೋಡಿದಾಗ ಟ್ಯಾಂಕಿನ ಮುಚ್ಚಳದ ರಬ್ಬರ್ ರಿಂಗ್ ಒಡೆದಿತ್ತು, ಮಳೆ ನೀರು ನೇರವಾಗಿಯೇ ಇಳಿದಿದೆ. ಎಥೆನಾಲ್ ಇಲ್ಲದ ಹಳೇ ಪೆಟ್ರೋಲ್ ಆಗಿದ್ದರೂ ನೀರು ಬರ್ತಾ ಇತ್ತು. ವ್ಯತ್ಯಾಸ ಎಂತ ಅಂದರೆ, ಆವಾಗ ನೀರು ನೀರಾಗಿಯೇ ತಳದಲ್ಲಿ ಕೂರ್ತಿತ್ತು, ನೀರು ಬೇರೆ ಮಾಡುವ ಫಿಲ್ಟರ್ ಅದನ್ನು ಹಿಡೀತಿತ್ತು, ಮೇಲಿನ ಪೆಟ್ರೋಲ್ ಕೆಡ್ತಿರಲಿಲ್ಲ. ಈಗ ನೀರು ಇಳಿಯುವಾಗ ಆಕ್ಟೇನನ್ನೂ ಕರಕೊಂಡು ಇಳಿಯುತ್ತದೆ. ಎಣ್ಣೆ ಬೆರೆಸಿ ಓಡಿಸುವ ಟೂಸ್ಟ್ರೋಕ್ ಎಂಜಿನ್ ಆದರೆ ಇನ್ನೂ ಕಷ್ಟ. ಎಣ್ಣೆ ಮೇಲಿನ ಪದರದಲ್ಲೇ ಉಳಿಯುತ್ತದೆ, ಕೆಳಗಿನದ್ದು ಎಂಜಿನ್‌ಗೆ ಹೋದರೆ ಒಳಗೆ ಜಾರಲಿಕ್ಕೆ ಏನೂ ಇಲ್ಲ, ಹಿಡಿದುಕೊಂಡೇ ಬಿಡ್ತದೆ.

ಬಿಲ್ಲು 27 ಸಾವಿರ. ಪಂಪು, ಇಂಜೆಕ್ಟರ್ ಕ್ಲೀನಿಂಗ್, ಪೈಪು, ಫಿಲ್ಟರ್. ಜೊತೆಗೆ ಎರಡು ವಾರ ಬೋಟು ದಡದಲ್ಲಿ, ಅದೂ ಸೀಸನ್ ಶುರುವಿನಲ್ಲಿ. ಸಾಲದ ಕಂತಿಗೆ ಅಕ್ಕನ ಬಳೆ ಬ್ಯಾಂಕಿಗೆ ಹೋಯ್ತು. ಇದನ್ನು ಹೇಳಬಹುದಾ ಅಂತ ಅಕ್ಕನನ್ನು ಕೇಳಿಯೇ ಹೇಳ್ತಾ ಇದ್ದೇನೆ. "ಹೇಳು, ಇನ್ನೊಬ್ಬರ ಬಳೆ ಆದರೂ ಉಳಿಯಲಿ" ಅಂದಳು.

ಈಗ ಎಂತ ಮಾಡ್ತೇವೆ ಅಂತ ಹೇಳ್ತೇನೆ. ಇದು ನಮ್ಮ ಬೋಟಿನ ಕ್ರಮ, ನಿಮ್ಮ ಎಂಜಿನ್ ಪುಸ್ತಕ ಬೇರೆ ಹೇಳಿದರೆ ಪುಸ್ತಕವನ್ನೇ ಕೇಳಿ. ಅದರಲ್ಲಿ ಎರಡು ನಂಬರು ನೋಡಿ. ಒಂದು ಆಕ್ಟೇನ್, ಅದರ ಪಕ್ಕದಲ್ಲಿ ಆರ್‌ಒಎನ್ ಅಂತ ಉಂಟಾ ಅಂತ ನೋಡಿಕೊಳ್ಳಿ. ಇನ್ನೊಂದು ಎಥೆನಾಲ್ ಎಷ್ಟರ ತನಕ ಆಗಬಹುದು ಅನ್ನುವುದು. ಬಹಳಷ್ಟು ಬೋಟ್ ಎಂಜಿನ್ ಕಂಪನಿಗಳು 10 ಶೇಕಡಾ ತನಕ ಮಾತ್ರ ಅಂತ ಬರೆಯುತ್ತವೆ. ಅಮೆರಿಕದಲ್ಲಂತೂ 15 ಶೇಕಡಾ ಎಥೆನಾಲ್ ಪೆಟ್ರೋಲನ್ನು ಬೋಟಿಗೆ ಹಾಕುವ ಹಾಗೆಯೇ ಇಲ್ಲ. ನಮ್ಮಲ್ಲಿ ಬಂಕಿಗೆ ಹೋದರೆ 20. ಕಾರು, ಬೈಕಿನ ಬಗ್ಗೆ ಟಿವಿಯಲ್ಲಿ ಎಷ್ಟು ಚರ್ಚೆ ಆಯ್ತು, ಬೋಟಿನ ಎಂಜಿನ್ ಬಗ್ಗೆ ಯಾರಾದರೂ ಒಂದು ಮಾತು ಆಡಿದ್ದು ನಾನು ಕೇಳಲಿಲ್ಲ. ಕರಾವಳಿಯಲ್ಲಿ ಇದರಿಂದ ಹೊಟ್ಟೆ ಹೊರೆಯುವವರು ಇದ್ದಾರೆ ಅಂತ ಯಾರಿಗಾದರೂ ನೆನಪಾಗಬೇಕಿತ್ತು.

"ಹಾಗಾದರೆ ದುಬಾರಿ 95 ಹಾಕಿದರೆ ಎಥೆನಾಲ್ ತಪ್ಪುತ್ತದಾ?" ಇನ್‌ಸ್ಟಾಗ್ರಾಮಲ್ಲಿ ಒಬ್ಬರು ಕೇಳಿದ್ದರು. ಇಲ್ಲ, ಅವುಗಳಲ್ಲೂ ಸಾಮಾನ್ಯವಾಗಿ ಎಥೆನಾಲ್ ಇರ್ತದೆ. ಎಥೆನಾಲ್ ಬೆರೆಸದ್ದು ಬೇಕಾದರೆ ಇಂಡಿಯನ್ ಆಯಿಲ್‌ನ ಎಕ್ಸ್‌ಪಿ 100 ಉಂಟು, 2020ರ ಡಿಸೆಂಬರ್‌ನಲ್ಲಿ ಬಂದದ್ದು. ದೊಡ್ಡ ಊರುಗಳ ಕೆಲವು ಬಂಕಲ್ಲಿ ಮಾತ್ರ, ಬೆಲೆಯೂ ಬಹಳ ಜಾಸ್ತಿ. ದಿನಕ್ಕೆ 40 ಲೀಟರ್ ಸುಡುವ ಬೋಟಿಗೆ ಅದನ್ನು ಹಾಕಿದರೆ ಟೂರಿಸ್ಟ್‌ಗಳಿಂದ ವಿಮಾನದ ಟಿಕೆಟ್ ದರ ತೆಗೆದುಕೊಳ್ಳಬೇಕಾದೀತು. ಆದರೆ ಒಂದು ಕಡೆ ನನಗೆ ಅದರ ಉಪಯೋಗ ಕಾಣ್ತದೆ. ವರ್ಷದಲ್ಲಿ ಎಂಟು ತಿಂಗಳು ನಿಲ್ಲುವ ಸೂಪರ್‌ಚಾರ್ಜರ್ ಜೆಟ್‌ಸ್ಕೀ ಇದ್ದರೆ, ನಿಲ್ಲಿಸುವ ಮೊದಲು ಕೊನೆಯ ಐದು ಲೀಟರ್ ಅದನ್ನು ಓಡಿಸಿ ಇಡುವುದು. ಅದು ನೂರು ಅನ್ನುವ ಕಾರಣಕ್ಕಲ್ಲ, ಎಥೆನಾಲ್ ಇಲ್ಲ ಅನ್ನುವ ಕಾರಣಕ್ಕೆ.

ನಾವು ಹಾಕುವುದು ಸಾದಾ ಪೆಟ್ರೋಲ್, ಜನ ಜಾಸ್ತಿ ಬರುವ ಬಂಕಿಂದ, ಅಲ್ಲಿ ನೆಲದಡಿಯ ಟ್ಯಾಂಕಲ್ಲಿ ಹಳತು ನಿಲ್ಲುವುದಿಲ್ಲ. ಎರಡು ದಿನಕ್ಕೆ ಬೇಕಾದಷ್ಟೇ ತರುವುದು. ಪೆಟ್ರೋಲ್ ಕ್ಯಾನಿಗೆ ಭಾವ ಕೆಂಪು ಪೇಂಟ್ ಹೊಡೆದಿದ್ದಾರೆ, ಸೀಮೆಎಣ್ಣೆ ಕ್ಯಾನು ಶೆಡ್ಡಿನ ಇನ್ನೊಂದು ಮೂಲೆಗೆ ಹೋಯ್ತು. ಮುಚ್ಚಳಕ್ಕೆ ಹೊಸ ರಬ್ಬರ್ ರಿಂಗ್, ಬೆಲೆ 60 ರೂಪಾಯಿ. ಹೌದು, 60. ನೀರು ಬೇರೆ ಮಾಡುವ ಫಿಲ್ಟರ್ ಮೊದಲು ಇರಲೇ ಇಲ್ಲ, ಈಗ ಉಂಟು. ಮೇ ಕೊನೆಗೆ ಟ್ಯಾಂಕ್ ಪೂರ್ತಿ ಖಾಲಿ ಮಾಡ್ತೇವೆ. ಇಂಟರ್ನೆಟ್ಟಲ್ಲಿ ಕೆಲವರು ತುಂಬಿಸಿ ಇಡಿ ಅಂತಾರೆ, ಒಳಗೆ ಗಾಳಿಗೆ ಜಾಗ ಇರಬಾರದು ಅಂತ. ಅವರ ಊರಲ್ಲಿ ನಮ್ಮ ಜುಲೈ ತಿಂಗಳ ಮಳೆ ಬರುವುದಿಲ್ಲ. ಉಳಿದ ಪೆಟ್ರೋಲ್ ನನ್ನ ಸ್ಕೂಟರಿಗೆ, ಈ ವಿಷಯದಲ್ಲಿ ನನ್ನ ಸ್ವಾರ್ಥ ಸ್ವಲ್ಪ ಉಂಟು.

ಮತ್ತೊಂದು, ಜನ. ಬೋಟಿಗೆ ಲಿಮಿಟಿಗಿಂತ ಇಬ್ಬರು ಜಾಸ್ತಿ ಕೂತರೆ ಅದು ಸರಿಯಾಗಿ ಎದ್ದು ಓಡುವುದಿಲ್ಲ. ಥ್ರಾಟಲ್ ಪೂರ್ತಿ, ಆದರೆ ಆರ್‌ಪಿಎಂ ಏರುವುದಿಲ್ಲ. ಟಾಪ್ ಗೇರಲ್ಲಿ ಆಗುಂಬೆ ಹತ್ತಿಸಿದ ಹಾಗೆ. ನಾಕಿಂಗ್ ಶುರುವಾಗುವುದು ಅಲ್ಲೇ, ಯಾವ ಆಕ್ಟೇನೂ ಅದನ್ನು ಪೂರ್ತಿ ತಡೆಯುವುದಿಲ್ಲ. ಎಂಜಿನ್ ಹಿಂದಿನಿಂದ ಪಿಚಕಾರಿಯ ಹಾಗೆ ಚಿಮ್ಮುವ ನೀರು ನಿಂತಿದ್ದರೂ ಹಾಗೆಯೇ, ಪ್ಲಾಸ್ಟಿಕ್ ಕವರೋ ಮರಳೋ ಸಿಕ್ಕಿಕೊಂಡಿದೆ ಅಂತ, ಎಂಜಿನ್ ತಣಿಯುತ್ತಾ ಇಲ್ಲ ಅಂತ ಅರ್ಥ. ನೀವು ಟೂರಿಸ್ಟ್ ಆಗಿ ಹೋದಾಗ ನೋಡಿ, ಆ ನೀರಿನ ಎಳೆ ಬರ್ತಾ ಉಂಟಾ ಅಂತ. ಕೇಳಿದರೆ ಯಾರೂ ಬೇಜಾರು ಮಾಡುವುದಿಲ್ಲ. ಮಾಡಿದರೆ ಆ ಬೋಟು ಹತ್ತಬೇಡಿ.

ಮನೆಯಲ್ಲಿ ಮಾಡಿ ನೋಡುವವರಿಗೆ ಅಣ್ಣ ಹೇಳಿಕೊಟ್ಟ ಒಂದು ಪರೀಕ್ಷೆ. ಮನೆ ಅಂದರೆ ಅಂಗಳ, ಒಲೆ ಹತ್ತಿರ ಖಂಡಿತ ಬೇಡ, ಬೀಡಿ ಸಿಗರೇಟು ಬೇಡ. ಅಳತೆಯ ಗೆರೆ ಇರುವ ಗಾಜಿನ ಬಾಟಲಿಗೆ 10 ಎಂಎಲ್ ನೀರು, ಅದರ ಮೇಲೆ 100 ಎಂಎಲ್ ಪೆಟ್ರೋಲ್. ಮುಚ್ಚಿ ಅಲ್ಲಾಡಿಸಿ, ಮುಚ್ಚಳ ನಿಧಾನ ಸಡಿಲ ಮಾಡಿ ಗಾಳಿ ಬಿಡಿ, ಹತ್ತು ನಿಮಿಷ ಇಡಿ. ಕೆಳಗಿನ ಪದರ 10ರಲ್ಲೇ ನಿಂತರೆ ಎಥೆನಾಲ್ ಇಲ್ಲ. 30ರ ಹತ್ತಿರ ಬಂದರೆ 20 ಶೇಕಡಾ ಉಂಟು. ಆಮೇಲೆ ಅದನ್ನು ಚರಂಡಿಗೋ ಸಮುದ್ರಕ್ಕೋ ಚೆಲ್ಲಬೇಡಿ, ಗ್ಯಾರೇಜಿನವರಿಗೆ ಕೊಡಿ.

ಭಾವ ಈಗ ದಿನಾ ಬೆಳಿಗ್ಗೆ ಬೋಟು ನೀರಿಗೆ ಇಳಿಸುವ ಮೊದಲು ಟ್ಯಾಂಕಿನ ತಳದಿಂದ ಒಂದು ಬಾಟಲಿ ಎಳೆದು ಬಿಸಿಲಿಗೆ ಹಿಡಿಯುತ್ತಾರೆ. ಎರಡು ನಿಮಿಷದ ಕೆಲಸ. ಮೊನ್ನೆ ಕ್ಯೂನಲ್ಲಿ ನಿಂತ ಒಬ್ಬರು "ಎಂತ ಮಾರ್ರೆ, ಬೆಳಿಗ್ಗೆಯೇ ಬಾಟಲಿಯಾ?" ಅಂತ ಕೇಳಿದರಂತೆ. ಆ ಹನ್ನೊಂದು ನಿಮಿಷದ ರೆಕಾರ್ಡಿಂಗ್ ಈ ಎಪಿಸೋಡಿನ ಕೊನೆಗೆ ಹಾಕಿದ್ದೇನೆ, ಎಡಿಟ್ ಮಾಡದೆ. ಮಧ್ಯದಲ್ಲಿ ಬರುವ ಸಣ್ಣ ದನಿ ಆ ಹುಡುಗಿಯದ್ದು, ಅವಳ ಅಪ್ಪನ ಒಪ್ಪಿಗೆ ತೆಗೆದುಕೊಂಡಿದ್ದೇನೆ. ನಿಮ್ಮ ಬೋಟಿನ, ಜೆಟ್‌ಸ್ಕೀಯ, ದೋಣಿಯ ಪೆಟ್ರೋಲ್ ಕಥೆ ಇದ್ದರೆ ವಾಯ್ಸ್‌ನೋಟ್ ಕಳಿಸಿ. ಗಂಗೊಳ್ಳಿಯವರು, ಕಾಪುವಿನವರು, ನಿಮ್ಮದೂ ಬರಲಿ. ಮುಂದಿನ ವಾರ ಸಿಗುವ.